ಹಿಟ್ಟಿನ ಡಬ್ಬಿಗೆ ಬಿದ್ದ ಕಬ್ಬಿಣ

“ಅದನ್ನ ಕೊಡ್ತೀನಿ ಅಂದ್ರೆ ಗಾಜಿಗೆ ಎರಡು ಸಲ ತಟ್ಟಿ ಮೇಡಂ. ಸ್ವಿಚ್ ಒತ್ತಲ್ಲ.”

ಇಸ್ತ್ರಿ ಅನ್ನುವ ಮನುಷ್ಯ ಹೊರಗಿನಿಂದ ಹೇಳಿದ. ಬಹಳ ಮರ್ಯಾದೆಯಿಂದ ಹೇಳಿದ.

ನಾನಿದ್ದದ್ದು ಒಳಗೆ. ಎಲ್ಲಿಯ ಒಳಗೆ ಅಂತೀರಾ... ಬಟ್ಟೆ ಒಣಗಿಸುವ ಮೆಶೀನಿನ ಒಳಗೆ! ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಆಸ್ಪತ್ರೆಯ ಐವತ್ತು ಬೆಡ್‌ಶೀಟುಗಳನ್ನು ಒಂದೇ ಸಲಕ್ಕೆ ನುಂಗುವಂಥದ್ದು. ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತರೆ ಐವತ್ತಮೂರು ವರ್ಷದ ಹೆಂಗಸೊಬ್ಬಳು ಆರಾಮಾಗಿ ಹಿಡಿಯುತ್ತಾಳೆ. ಆರಾಮಾಗಿ ಅಂದದ್ದು ಸುಳ್ಳು.

ನನ್ನ ಜೊತೆ ಇನ್ನೊಂದು ವಸ್ತು ಇತ್ತು. ಎರಡು ಕಿಲೋ ತೂಗುವ ಕಬ್ಬಿಣದ ತುಂಡು. ಇಸ್ತ್ರಿಗೆ ಬೇಕಾಗಿದ್ದದ್ದು ಅದೇ.

ನಾನು ತಟ್ಟಲಿಲ್ಲ.

ಅವನು ಸ್ವಿಚ್ ಒತ್ತಿದ.

ಡ್ರಮ್ಮು ತಿರುಗತೊಡಗಿತು. ಮೊದಲು ನಿಧಾನ. ಆಮೇಲೆ ಆಕಾಶ ಯಾವುದು, ನೆಲ ಯಾವುದು, ದೇವರಿಗೇ ಗೊತ್ತು. ಬಿಸಿ ಗಾಳಿ ಬರಲಿಲ್ಲ, ಅದೊಂದು ಪುಣ್ಯ. ಬಿಸಿ ಬರಬೇಕಾದರೆ ಬಾಯ್ಲರ್ ಬೇಕು. ಆ ಲಾಂಡ್ರಿಯ ಬಾಯ್ಲರ್ ಸೋಮವಾರವೇ ಸಿಡಿದು ಹೋಗಿತ್ತು. ಆದರೆ ಕರೆಂಟ್ ಇತ್ತು. ತಿರುಗುವ ಡ್ರಮ್ಮಿನಲ್ಲಿ ಕಬ್ಬಿಣವನ್ನು ಕೈಬಿಟ್ಟರೆ ನನ್ನ ತಲೆ ಹೋಳಾಗುವುದು ಗ್ಯಾರಂಟಿ. ಹೊಟ್ಟೆಗೆ ಅವುಚಿ ಹಿಡಿದುಕೊಂಡು ಸುತ್ತಿದೆ. ನಾಲ್ಕು ಸುತ್ತು, ಐದು ಸುತ್ತು... ಬೆಳಿಗ್ಗೆ ಕುಡಿದ ಕಾಫಿ ಗಂಟಲಿಗೆ ಬಂತು.

ಆರನೆಯ ಸುತ್ತಿನಲ್ಲಿ ಎರಡೂ ಪಾದ ಬಾಗಿಲಿನ ಕಡೆ ಬಂದವು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದ್ದೆ. ಹಳೆಯ ಮೆಶೀನು, ಹಳೆಯ ಕೊಂಡಿ. ಕಿತ್ತುಕೊಂಡು ಬಂತು! ಬಾಗಿಲು ಹೋಗಿ ಹೊರಗೆ ಬಗ್ಗಿ ನೋಡುತ್ತಿದ್ದ ಗೂಳಿಯ ಮೂಗಿಗೆ ಬಡಿಯಿತು.

ಗೂಳಿ ಎಂದರೆ ಲಾಂಡ್ರಿಯ ವ್ಯಾನ್ ಡ್ರೈವರ್. ಅವನಿಗೆ ಕುತ್ತಿಗೆ ಇಲ್ಲ. ಭುಜ ಮುಗಿದ ಕೂಡಲೇ ತಲೆ ಶುರು. ಇಸ್ತ್ರಿ ಎಂದರೆ ಮ್ಯಾನೇಜರ್. ಪ್ರಳಯವಾದರೂ ಅವನ ಅಂಗಿಯ ಗೆರೆ ಮುರಿಯುವುದಿಲ್ಲ. ಲಾಂಡ್ರಿಯವರೆಲ್ಲ ಅವರಿಬ್ಬರನ್ನು ಕರೆಯುವುದೇ ಹಾಗೆ.

ಡ್ರಮ್ಮು ನಿಂತಿತು, ನಾನು ಹೊರಗೆ ಉರುಳಿದೆ. ಗೂಳಿ ಮೂಗು ಹಿಡಿದುಕೊಂಡು ಕೂತ. ಇಸ್ತ್ರಿ ನನ್ನ ಕಡೆ ಬಂದ. ಕಬ್ಬಿಣ ಎತ್ತಿ ತೋರಿಸಿದೆ. ನಿಂತ. ಕೈಯಲ್ಲಿ ಎರಡು ಕಿಲೋ ಕಬ್ಬಿಣ ಹಿಡಿದ ಹೆಂಗಸಿನ ಹತ್ತಿರ ಬರಲು ಯಾರೂ ಅವಸರ ಮಾಡುವುದಿಲ್ಲ.

“ಮೇಡಂ, ಸುಮ್ನೆ ತೊಂದ್ರೆ ತಗೋತಿದ್ದೀರ,” ಅಂದ. “ಅದು ಬಾಯ್ಲರಿಂದಲ್ಲ.”

ಬಾಯ್ಲರಿನದು ಎಂದು ನಾನು ಹೇಳಿರಲೇ ಇಲ್ಲ.

ಕಾಲಿಗೆ ಬುದ್ಧಿ ಹೇಳಿದೆ.

ಇಲ್ಲಿ ಒಂದು ನಿಮಿಷ ನಿಲ್ಲಿಸಿ ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ಸುಟ್ಟದ್ದು, ಸಿಡಿದದ್ದು, ಕುಸಿದದ್ದು ಯಾಕಾಯಿತು ಎಂದು ಹುಡುಕಿ ಬರೆದುಕೊಡುವುದು ನನ್ನ ಕೆಲಸ. ಇನ್ಶೂರೆನ್ಸ್ ಕಂಪನಿಯವರು ಕರೆಯುತ್ತಾರೆ, ನಾನು ಹೋಗುತ್ತೇನೆ. ಇಪ್ಪತ್ತೆರಡು ವರ್ಷದಿಂದ ಬೂದಿ ಕೆದಕಿ ಕೆದಕಿ ಉಗುರಿನ ಬಣ್ಣವೇ ಬದಲಾಗಿದೆ. ಮೊದಮೊದಲು ರೋಮಾಂಚನವಾಗುತ್ತಿತ್ತು. ಈಗ ಮಂಡಿ ನೋಯುತ್ತದೆ, ಅಷ್ಟೆ.

ಬುಧವಾರ ಆ ಲಾಂಡ್ರಿಗೆ ಮೊದಲ ಸಲ ಹೋಗಿದ್ದೆ. ಬಾಯ್ಲರ್ ರೂಮಿನ ಹಿಂದಿನ ಗೋಡೆಯೇ ಇರಲಿಲ್ಲ. ಬಾಯ್ಲರಿನ ಹಿಂಬದಿಯ ತಟ್ಟೆ ಕಿತ್ತು, ಗೋಡೆ ಒಡೆದು, ಆಚೆ ಬಟ್ಟೆ ಮಡಚುವ ಕೋಣೆಗೆ ನುಗ್ಗಿತ್ತು. ಅಲ್ಲಿ ಬೆಳಿಗ್ಗೆ ಬೇಗ ಬಂದು ದಿಂಬಿನ ಚೀಲ ಮಡಚುತ್ತಿದ್ದ ಒಬ್ಬ ಹೆಂಗಸು ಸತ್ತಿದ್ದಳು. ಐವತ್ತೆಂಟು ವರ್ಷ. ಎಲ್ಲರಿಗೂ ಅವಳು ದೊಡ್ಡಮ್ಮ.

ಬಾಯ್ಲರಿನ ಮುಂದೆ ಇದ್ದ ಆಪರೇಟರ್ ಬದುಕಿದ್ದ. ಸುಟ್ಟ ಗಾಯ, ಆಸ್ಪತ್ರೆ, ನೋವು ತಿಳಿಯದಂತೆ ನಿದ್ದೆ ಔಷಧಿ. ವಾರ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಒಬ್ಬ ಪೊಲೀಸು. ಡಾಕ್ಟರು ಇನ್ನೂ ಯಾರಿಗೂ ಅವನನ್ನು ಮಾತಾಡಿಸಲು ಬಿಟ್ಟಿರಲಿಲ್ಲ. ಆದರೂ ಕತೆ ಆಗಲೇ ತಯಾರಾಗಿತ್ತು. ಆಪರೇಟರ್ ನಿದ್ದೆ ಮಾಡಿದ, ನೀರು ಬತ್ತಿತು, ಬಾಯ್ಲರ್ ಸಿಡಿಯಿತು. ಇಸ್ತ್ರಿ ಹಾಗೆ ಹೇಳಿಕೆ ಕೊಟ್ಟಿದ್ದ. ಬಾಯ್ಲರ್ ಇನ್‌ಸ್ಪೆಕ್ಟರ್ ಶನಿವಾರ ನಾಲ್ಕು ಗಂಟೆಗೆ ರಿಪೋರ್ಟಿಗೆ ಸಹಿ ಹಾಕುವವರಿದ್ದರು. ಸಹಿ ಬಿದ್ದರೆ ಅವನು ಬೆಡ್ಡಿನಿಂದ ನೇರ ಜೈಲಿಗೆ.

ಅವತ್ತು ಗೇಟಿನ ಹತ್ತಿರ ಆಪರೇಟರನ ಹೆಂಡತಿ ನನಗಾಗಿ ಕಾದು ನಿಂತಿದ್ದಳು. ಬ್ಯಾಗ್ ಫ್ಯಾಕ್ಟರಿಯಲ್ಲಿ ಜಿಪ್ ಹೊಲಿಯುವವಳು. ಮನೆ ಲಾಂಡ್ರಿಯ ಹಿಂದಿನ ಓಣಿಯಲ್ಲೇ. ಕೈಯಲ್ಲಿ ಬಟ್ಟೆ ಚೀಲ. ಚೀಲದಲ್ಲಿ ಈ ಕಬ್ಬಿಣ.

ಸೋಮವಾರ ಸದ್ದಾದ ಹೊತ್ತಿಗೆ ಇದು ಅವಳ ಅಡುಗೆಮನೆಯ ತಗಡನ್ನು ತೂತು ಮಾಡಿಕೊಂಡು ಬಂದು ಹಿಟ್ಟಿನ ಡಬ್ಬಿಗೆ ಬಿತ್ತಂತೆ. ಪೊಲೀಸರಿಗೆ ತೋರಿಸಿದಳು, ಗುಜರಿಗೆ ಹಾಕಮ್ಮ ಅಂದರು. ಹಾಕಲಿಲ್ಲ.

ಗಂಡನನ್ನು ಬಿಡಿಸಿಕೊಡಿ ಎಂದು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ.

“ಸತ್ತಿದ್ದು ನಮ್ಮಮ್ಮ,” ಅಂದಳು. “ಬಾಯ್ಲರ್ ನೋಡ್ಕೋತಿದ್ದಿದ್ದು ನನ್ನ ಗಂಡ. ಅವ್ರು ನಿದ್ದೆ ಮಾಡಿದ್ರಾ ಇಲ್ವಾ, ಅಷ್ಟು ಹೇಳಿ ನಂಗೆ. ಆಸ್ಪತ್ರೆ ಮೆಟ್ಟಿಲು ಹತ್ಬೇಕೋ ಬೇಡ್ವೋ ನಿರ್ಧಾರ ಮಾಡ್ತೀನಿ.”

ಸೋಮವಾರದಿಂದ ಅವಳು ಗಂಡನ ಮುಖ ನೋಡಿರಲಿಲ್ಲ.

ನನ್ನನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಚೀಲ ಇಸಿದುಕೊಂಡೆ.

ಕಬ್ಬಿಣದ ಚಹರೆ ಹೇಳುತ್ತೇನೆ, ಕೇಳಿ. ಅಂಗೈ ಅಗಲದ ಒಂದು ಕಮಾನು. ಎರಡು ಕಾಲು. ಕಾಲಿನ ತುದಿಗಳು ಒಳಕ್ಕೆ ಬಾಗಿ ಕೊಕ್ಕೆಯಾಗಿವೆ. ಕಮಾನಿನ ನೆತ್ತಿಯಲ್ಲಿ ತೂತು, ತೂತಿನಲ್ಲಿ ಹೆಬ್ಬೆರಳು ದಪ್ಪದ ತಿರುಪು ಬೋಲ್ಟು. ಬೋಲ್ಟಿನ ತಲೆ ಚೌಕ, ಬುಡದಲ್ಲಿ ಸಣ್ಣ ಬಟ್ಟಲಿನಂಥ ಗುಳಿ. ಕಂಪನಿಯ ಹೆಸರಿಲ್ಲ, ನಂಬರಿಲ್ಲ. ಒಂದು ಕಾಲಿನ ಮೇಲೆ ಉಳಿಯಿಂದ ಕುಟ್ಟಿದ ಗುರುತು ಮಾತ್ರ. ಮೂರು ಚುಕ್ಕೆ, ಪಕ್ಕದಲ್ಲಿ ಅರ್ಧಚಂದ್ರ.

ಎರಡು ದಿನ ಅದನ್ನು ಹೊತ್ತುಕೊಂಡು ಊರು ಸುತ್ತಿದೆ. ಹಾರ್ಡ್‌ವೇರ್ ಅಂಗಡಿಯವನು ಚಕ್ರದ ಬೇರಿಂಗ್ ಕೀಳುವ ಸಾಧನ ಅಂದ, ಬೇರಿಂಗಿಗೆ ಹಾಕಿ ತೋರಿಸು ಅಂದರೆ ಬೆವರಿದ. ಕಾಲೇಜಿನ ಮೇಷ್ಟ್ರೊಬ್ಬರು ಪುಸ್ತಕ ಬೈಂಡಿಂಗಿನ ಪ್ರೆಸ್ಸು ಎಂದು ಅರ್ಧ ಗಂಟೆ ಪಾಠ ಮಾಡಿದರು. ಕುದುರೆ ಡಾಕ್ಟರೊಬ್ಬರು ಹಲ್ಲು ಕೀಳುವುದಕ್ಕಿರಬಹುದು ಅಂದರು. ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತೆಂಗಿನಕಾಯಿ ಒಡೆಯಬಹುದು ಅಂದರು. ಒಡೆದೂ ತೋರಿಸಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಆ ಕಾಯಿಯನ್ನೇ ತುರಿದು ಚಟ್ನಿ ಮಾಡಿದೆ.

ಕೆಲಸಕ್ಕೆ ಬರುವ ಮಾತಾಡಿದವನು ಗುಜರಿಯವನೊಬ್ಬನೇ. ಹೆಸರು ಅವನಿಗೂ ಗೊತ್ತಿರಲಿಲ್ಲ. ಬೋಲ್ಟಿನ ತಿರುಪಿಗೆ ಬೆರಳು ಹಚ್ಚಿ ಮೂಸಿದ. ಹೊಸ ಗ್ರೀಸ್. ಹಳೇ ಮಾಲೇ, ಆದರೆ ಈಚೆಗೆ ಯಾರೋ ಬಳಸಿದ್ದಾರೆ ಅಂದ. ಮುಚ್ಚಿಹೋದ ಬಟ್ಟೆ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಬಾಯ್ಲರ್ ನೋಡಿಕೊಂಡಿದ್ದ ಮೇಸ್ತ್ರಿಯೊಬ್ಬ ಇದ್ದಾನೆ, ಮಗಳ ಮನೆಯಲ್ಲಿ, ಅವನಿಗೆ ಗೊತ್ತಿಲ್ಲದ ಕಬ್ಬಿಣ ಇಲ್ಲ ಎಂದು ವಿಳಾಸ ಕೊಟ್ಟ.

ಮೂರನೆಯ ಮಹಡಿ, ಲಿಫ್ಟ್ ಇಲ್ಲ.

ನನ್ನ ಮಂಡಿ ಬೇಡ ಅಂದಿತು. ಕೊನೆಗೆ ನೋಡೋಣ ಎಂದು ಮುಂದೂಡಿದೆ. ಇಂಥ ಸೋಮಾರಿತನದಿಂದಲೇ ನಾನು ಡ್ರಮ್ಮಿನೊಳಗೆ ಹೋದದ್ದು. ಶನಿವಾರ ಬೆಳಿಗ್ಗೆ, ಇದು ಲಾಂಡ್ರಿಯ ಯಾವ ಮೆಶೀನಿಗೆ ಕೂರುತ್ತದೋ ನೋಡೋಣ ಎಂದು ಒಬ್ಬಳೇ ಹೋಗಿ ಒಂದೊಂದಕ್ಕೇ ಹಿಡಿದು ನೋಡುತ್ತಿದ್ದೆ. ಡ್ರೈಯರಿನೊಳಗೆ ತಲೆ ಹಾಕಿದ್ದಾಗ ಇಸ್ತ್ರಿ ಬಂದ. ಕಬ್ಬಿಣ ನೋಡಿದ. ಅವನ ಮುಖದ ನೀರು ಇಳಿದದ್ದನ್ನು ನಾನು ಗಾಜಿನಲ್ಲಿ ಕಂಡೆ. ಹಿಂದಿನಿಂದ ಗೂಳಿ ತಳ್ಳಿದ. ಉಳಿದದ್ದು ನಿಮಗೆ ಗೊತ್ತು.

ಈಗ ಓಟಕ್ಕೆ ಬರೋಣ.

ಮಡಚಿಟ್ಟ ಶೀಟುಗಳ ಗುಡ್ಡೆ ದಾಟಿ, ಟ್ರಾಲಿಗಳನ್ನು ತಳ್ಳಿ ಅಡ್ಡ ಹಾಕಿ, ಹೊರಗೆ ಬಂದು ಸ್ಕೂಟರ್ ಹತ್ತಿದೆ. ಮೂರು ಸಲ ಒದ್ದ ಮೇಲೆ ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ಲಾಂಡ್ರಿಯ ಬಿಳಿ ವ್ಯಾನ್. ಗೂಳಿ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಟವಲ್ ಹಿಡಿದು ಮೂಗಿಗೆ ಒತ್ತಿಕೊಂಡಿದ್ದ.

ಮರದ ಅಡ್ಡೆಗಳ ರಸ್ತೆಯಲ್ಲಿ ವ್ಯಾನ್ ನನ್ನ ಹಿಂದಿನ ಚಕ್ರಕ್ಕೆ ಒಮ್ಮೆ ಮುಟ್ಟಿತು. ಜೀವ ಬಾಯಿಗೆ ಬಂತು! ಸ್ಕೂಟರ್ ಓಲಾಡಿತು, ಬೀಳಲಿಲ್ಲ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಯಜಮಾನರು. ಈ ಹೊತ್ತಿನಲ್ಲಿ ಅವರು ಕೇಳುವುದು ಒಂದೇ, ಗ್ಯಾಸ್ ಬುಕ್ ಮಾಡಿದ್ದೀಯಾ ಅಂತ. ಮಾಡಿರಲಿಲ್ಲ.

ಬಸ್ ಡಿಪೋ ಕಂಡಿತು. ಒಳಗೆ ನುಗ್ಗಿದೆ. ತೊಳೆಯಲು ನಿಲ್ಲಿಸಿದ್ದ ಎರಡು ಬಸ್ಸುಗಳ ನಡುವೆ ಒಂದು ಸ್ಕೂಟರಿನಷ್ಟು ಜಾಗ. ನಾನು ದಾಟಿದೆ. ಗೂಳಿಯೂ ದಾಟಲು ನೋಡಿದ. ತಗಡು ಕಿರುಚಿತು... ವ್ಯಾನ್ ನಡುವೆ ಸಿಕ್ಕಿಕೊಂಡಿತು. ಬಸ್ ತೊಳೆಯುವವನು ಪೈಪ್ ಹಿಡಿದುಕೊಂಡೇ ಅವನ ವಂಶಾವಳಿ ಬಿಡಿಸತೊಡಗಿದ.

ಗಂಟೆ ಒಂದೂವರೆ. ನಾನು ಮೂರನೆಯ ಮಹಡಿಯ ಮೆಟ್ಟಿಲು ಹತ್ತತೊಡಗಿದೆ. ಪ್ರತಿ ಮೆಟ್ಟಿಲಿಗೂ ನನಗೆ ನಾನೇ ಬೈದುಕೊಂಡೆ.

ಬಾಗಿಲು ತೆರೆದರೆ ಬ್ಯೂಟಿ ಪಾರ್ಲರ್! ಮೇಸ್ತ್ರಿಯ ಮಗಳು ಮನೆಯ ಮುಂದಿನ ರೂಮಿನಲ್ಲೇ ಅದನ್ನು ನಡೆಸುತ್ತಿದ್ದಳು. ನಾಲ್ಕು ಹೆಂಗಸರು ಮುಖಕ್ಕೆಲ್ಲ ಹಸಿರು ಬಳಿದುಕೊಂಡು ಕಣ್ಣು ಮುಚ್ಚಿ ಒರಗಿದ್ದರು. ಮಗಳು ನನ್ನ ಮುಖ, ಕೂದಲು, ಬಟ್ಟೆಯ ಹರಿದ ತೋಳು ನೋಡಿದಳು.

“ಅಪಾಯಿಂಟ್‌ಮೆಂಟ್ ಇದೆಯಾ ಅಕ್ಕ? ನಿಮ್ಗೆ ಸ್ವಲ್ಪ ಟೈಮ್ ಹಿಡಿಯುತ್ತೆ.”

ನನಗಲ್ಲ, ನಿಮ್ಮ ತಂದೆಯವರನ್ನು ನೋಡಬೇಕು ಅಂದೆ. ಪರದೆ ಸರಿಸಿ ಒಳಗೆ ಬಿಟ್ಟಳು.

ಸಣ್ಣ ಕೋಣೆ. ಒಂದು ಮಂಚ, ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಒತ್ತಡ ತೋರಿಸುವ ಹಳೆಯ ಮೀಟರ್, ಈಗ ಅದರಿಂದ ನಿಂತ ಗಡಿಯಾರದಷ್ಟೇ ಉಪಯೋಗ. ಬಾಗಿಲು ಬಡಿದುಕೊಳ್ಳದಂತೆ ಒಂದು ಉದ್ದನೆಯ ಸ್ಪ್ಯಾನರ್ ಅಡ್ಡ ಇಟ್ಟಿದ್ದರು. ಮಂಚದ ಕೆಳಗೆ ಬೀಗ ಹಾಕಿದ ಉಪಕರಣದ ಪೆಟ್ಟಿಗೆ. ಮಂಚದ ಮೇಲೆ ಮೇಸ್ತ್ರಿ. ಎಪ್ಪತ್ತಾರರ ಮುದುಕ, ಕಿವಿ ಸ್ವಲ್ಪ ಮಂದ. ಎರಡೂ ಪಾದ ಊದಿದ್ದವು.

ಕಬ್ಬಿಣ ಕೊಟ್ಟೆ.

ಅವರು ಕನ್ನಡಕ ಹುಡುಕಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರು. ಕಮಾನು, ಬೋಲ್ಟು, ಕೊಕ್ಕೆ... ಹೆಬ್ಬೆರಳು ಆ ಮೂರು ಚುಕ್ಕೆಯ ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ.

“ಇದು ಎಲ್ಲಿ ಸಿಕ್ತು?”

ಹಿಟ್ಟಿನ ಡಬ್ಬಿಯ ಕತೆ ಹೇಳಿದೆ. ಇದರ ಕೆಲಸ ಏನು ಎಂದು ಕೇಳಿದೆ. ಆಗ ಮುದುಕರು ನಿಧಾನವಾಗಿ, ಹೊಸಬನಿಗೆ ಕೆಲಸ ಕಲಿಸುವ ದನಿಯಲ್ಲಿ ಹೇಳತೊಡಗಿದರು.

ಅದರ ಹೆಸರು ಗ್ಯಾಗು. ಮಿಲ್ಲಿನವರ ಮಾತಿನಲ್ಲಿ ಬಾಯಿಕಟ್ಟು. ಬಾಯ್ಲರಿನ ನೆತ್ತಿಯ ಮೇಲೆ ಸೇಫ್ಟಿ ವಾಲ್ವ್ ಇರುತ್ತದೆ. ಒಳಗಿನ ಒತ್ತಡ ಮಿತಿ ಮೀರಿದರೆ ಅದು ತಾನಾಗಿ ಎದ್ದು ಹಬೆಯನ್ನು ಹೊರಗೆ ಬಿಡುತ್ತದೆ. ಮನೆಯ ಕುಕ್ಕರಿನ ವಿಷಲ್ ಇದ್ದ ಹಾಗೆ. ಆದರೆ ವರ್ಷಕ್ಕೊಮ್ಮೆ ಬಾಯ್ಲರನ್ನು ಪರೀಕ್ಷೆ ಮಾಡಬೇಕು. ಬೆಂಕಿ ಹಾಕದೆ, ಬರೀ ತಣ್ಣೀರು ತುಂಬಿ, ಪಂಪು ಹೊಡೆದು ಮಾಮೂಲಿಗಿಂತ ಒಂದೂವರೆ ಪಟ್ಟು ಒತ್ತಡ ಕೊಟ್ಟು, ಎಲ್ಲಾದರೂ ಸೋರುತ್ತದೆಯೇ ನೋಡಬೇಕು. ಆಗ ವಾಲ್ವ್ ಏಳಬಾರದು. ಅದಕ್ಕೆ ಈ ಕಮಾನನ್ನು ಮೇಲಿಟ್ಟು, ಕೊಕ್ಕೆಗಳನ್ನು ವಾಲ್ವಿನ ಕುತ್ತಿಗೆಗೆ ಸಿಕ್ಕಿಸಿ, ಬೋಲ್ಟು ತಿರುಗಿಸಿ ಅದುಮಿ ಹಿಡಿಯುವುದು. ಪರೀಕ್ಷೆ ಮುಗಿದ ಕೂಡಲೇ ತೆಗೆಯಬೇಕು.

“ತೆಗೀದೇ ಬೆಂಕಿ ಹಾಕಿದ್ರೆ?” ಅಂದೆ.

“ವಾಲ್ವ್ ಏಳಲ್ಲ. ಬಾಯ್ಲರ್ ಏಳುತ್ತೆ.”

ನನ್ನ ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಕಾರಣ ಸಿಕ್ಕಾಗ ಒಂದು ಬಗೆಯ ಸಮಾಧಾನ ಆಗುತ್ತದೆ. ಅವತ್ತು ಆಗಲಿಲ್ಲ.

ಆಪರೇಟರ್ ನಿದ್ದೆ ಮಾಡಿದ್ದ ಅನ್ನುತ್ತಿದ್ದಾರೆ, ನಿಮಗೇನನ್ನಿಸುತ್ತದೆ ಎಂದು ಕೇಳಿದೆ. ಅವನಿಗೆ ಎಲ್ಲೆಲ್ಲಿ ಸುಟ್ಟಿದೆ ಎಂದು ಅವರು ತಿರುಗಿ ಕೇಳಿದರು. ಎರಡೂ ಅಂಗೈ, ಪಾದದ ಮೇಲ್ಭಾಗ ಅಂದೆ. ಡಾಕ್ಟರ ಚೀಟಿಯಲ್ಲಿ ಓದಿದ್ದೆ.

“ಅಂಗೈ ಸುಟ್ಟಿದೆಯಾ... ಹಾಗಾದ್ರೆ ಒಲೆಯಿಂದ ಬೆಂಕಿ ಎಳೆದಿದ್ದಾನೆ. ಕಾದ ಸಲಾಕೆ ಹಿಡಿದು ಕೆಂಡಾನೆಲ್ಲ ಕಾಲ ಮೇಲೆ ಎಳ್ಕೊಂಡಿದ್ದಾನೆ. ಒತ್ತಡ ಏರಿದ್ರೆ ಮಾಡೋ ಕೆಲಸ ಅದೊಂದೇ. ಓಡಿ ಹೋಗೋನಿಗೆ ಬೆನ್ನು ಸುಡುತ್ತೆ. ನಿದ್ದೆ ಮಾಡೋನಿಗೆ ಅಂಗೈ ಸುಡಲ್ಲಮ್ಮ. ಅವನು ಒಳ್ಳೆ ಆಪರೇಟರು.”

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಎದ್ದು ಹೊರಡಬಹುದಿತ್ತು.

ಆದರೆ ಅವರು ತಾವಾಗಿ ಮಾತು ಮುಂದುವರಿಸಿದರು. ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತಂತೆ. ಬಾಯಿಕಟ್ಟು ಹಾಕಿದವನು ತನ್ನ ಎಡಗಾಲಿನ ಬೂಟು ಬಿಚ್ಚಿ ಒಲೆಯ ಬಾಗಿಲ ಮುಂದೆ ಇಡಬೇಕು. ಬಾಯಿಕಟ್ಟು ತೆಗೆದ ಮೇಲೇ ಬೂಟು. ಒಂದು ಕಾಲಲ್ಲಿ ಬೂಟಿಲ್ಲದೆ ಯಾರೂ ಮನೆಗೆ ಹೋಗುವುದಿಲ್ಲ. ಬೂಟು ಕಂಡರೆ ಬೇರೆ ಯಾರೂ ಬೆಂಕಿ ಹಾಕುವುದಿಲ್ಲ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಯಾರೂ ಮರೆಯಲಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು.

ನಾನು ಬಾಗಿಲಿಗೆ ಅಡ್ಡ ಇಟ್ಟ ಸ್ಪ್ಯಾನರಿನ ಕಡೆ ನೋಡುತ್ತಿದ್ದೆ. ಹಿಡಿಕೆಯ ಮೇಲೆ ಮೂರು ಚುಕ್ಕೆ. ಪಕ್ಕದಲ್ಲಿ ಅರ್ಧಚಂದ್ರ.

ಆಮೇಲೆ ಅವರ ಪಾದ ನೋಡಿದೆ. ಊದಿದ ಪಾದಕ್ಕೆ ಹಿಡಿಸಲೆಂದು ಪಕ್ಕ ಕೊಯ್ದ ರಬ್ಬರ್ ಚಪ್ಪಲಿ.

“ಲಾಂಡ್ರಿಗೆ ಯಾವತ್ತು ಹೋಗಿದ್ರಿ?”

“ಭಾನುವಾರ.”

“ಯಾವ ಬೂಟು ಬಿಚ್ಚಿದ್ರಿ?”

“ಬೂಟು ಹಾಕೋದು ಬಿಟ್ಟು ನಾಲ್ಕು ವರ್ಷ ಆಯ್ತಮ್ಮ,” ಅಂದರು.

ಸರಕಾರದ ಇನ್‌ಸ್ಪೆಕ್ಷನ್ ಮುಂದಿನ ತಿಂಗಳು ಬರಲಿತ್ತು. ಅದಕ್ಕೆ ಮೊದಲು ಗುಟ್ಟಾಗಿ ಒಮ್ಮೆ ನೋಡಿಕೊಡಿ ಎಂದು ಇಸ್ತ್ರಿ ಅವರನ್ನು ಕರೆದೊಯ್ದಿದ್ದ. ರಜೆಯ ದಿನ, ಲಾಂಡ್ರಿಯಲ್ಲಿ ಬೇರೆ ಯಾರೂ ಇಲ್ಲ. ಎಷ್ಟೋ ವರ್ಷದ ಮೇಲೆ ಯಾರೋ ಕೆಲಸಕ್ಕೆ ಕರೆದರಲ್ಲ ಎಂದು ಇವರು ಹಿಗ್ಗಿ ಹೋದರು. ಪರೀಕ್ಷೆ ಸರಿಯಾಯಿತು. ಏಣಿ ಇಳಿಯಲು ಕಾಲು ಕೇಳುತ್ತಿರಲಿಲ್ಲ. ಕೆಳಗೆ ಬಂದು ಉಸಿರು ಹಾಕಿಕೊಂಡು ಕೂತರು. ಇಸ್ತ್ರಿ ಟೀ ಕೊಟ್ಟ. ಚಪ್ಪಲಿ ಎರಡೂ ಕಾಲಲ್ಲೇ ಇದ್ದವು. ಎದ್ದು ಮನೆಗೆ ಬಂದರು.

ಸೋಮವಾರ ಸುದ್ದಿ ತಂದವನೂ ಇಸ್ತ್ರಿಯೇ. ಆಪರೇಟರ್ ಮಲಗಿದ್ದ, ನೀವು ಬಂದದ್ದು ಯಾರಿಗೂ ಹೇಳಬೇಡಿ ಅಂದನಂತೆ.

“ನಂಬಿದ್ರಾ?”

“ಅವತ್ತಿಂದ ಈ ಪೆಟ್ಟಿಗೆ ಬೀಗ ತೆಗೆದಿಲ್ಲ,” ಅಂದರು. “ತೆಗೆದ್ರೆ ಇದು ಇರಲ್ಲ ಅಂತ ಗೊತ್ತಿತ್ತು.”

ಪರದೆ ಸರಿಯಿತು.

ಇಸ್ತ್ರಿ. ಹಿಂದೆ ಗೂಳಿ, ಮೂಗಿನಲ್ಲಿ ಹತ್ತಿ. ನಾನು ಎಲ್ಲಿಗೆ ಬರುತ್ತೇನೆಂದು ಅವನಿಗೆ ಗೊತ್ತಿಲ್ಲದೇ ಇರುತ್ತದೆಯೇ? ಅವನ ಬಲಗೈ ಬೆನ್ನ ಹಿಂದೆ ಇತ್ತು. ಮುಂದೆ ಬಂದಾಗ ಅದರಲ್ಲಿ ಬಟ್ಟೆ ಮೂಟೆ ಕೊಯ್ಯುವ ಬಾಗಿದ ಚಾಕು.

ಅವನು ನನ್ನನ್ನು ನೋಡಲಿಲ್ಲ. ಮುದುಕರ ಹತ್ತಿರ ಮಂಡಿಯೂರಿದ.

“ತಾತ, ಅದನ್ನ ನಂಗೆ ಕೊಡಿ. ನದಿಗೆ ಹಾಕ್ತೀನಿ. ನಾಲ್ಕು ಗಂಟೆ ಆದ್ರೆ ಎಲ್ಲ ಮುಗಿಯುತ್ತೆ. ಈ ವಯಸ್ಸಲ್ಲಿ ಜೈಲಿಗೆ ಹೋಗಿ ಸಾಯ್ತೀರಾ?”

“ಆ ಆಪರೇಟರು ನಿಂಗೆ ಫೋನ್ ಮಾಡಿದ್ನಾ?” ಮುದುಕರು ಕೇಳಿದರು.

ಇಸ್ತ್ರಿ ಚಾಕುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಮಾಡಿದ್ನಾ?”

“ಮಾಡಿದ. ಮುಳ್ಳು ಕೆಂಪು ದಾಟಿದೆ, ನಿಲ್ಲಿಸ್ತೀನಿ ಅಂದ. ಆಸ್ಪತ್ರೆ ಶೀಟು ಎಂಟು ಗಂಟೆಗೆ ಹೋಗ್ಬೇಕಿತ್ತು. ವಾಲ್ವ್ ಇದೆಯಲ್ಲ, ಅದು ನೋಡ್ಕೊಳ್ಳುತ್ತೆ, ನಡೆಸು ಅಂದೆ. ನೀವು ತೆಗೆದಿದ್ದೀರ ಅಂದ್ಕೊಂಡಿದ್ದೆ ತಾತ. ನೀವೇ ಅಲ್ವಾ ಮಾಡಿದ್ದು... ನಿಮ್ಮನ್ನ ನಂಬಿದ್ದೆ.”

ಅವನ ದನಿ ಒಡೆಯಿತು. ಆದರೆ ಚಾಕು ಕೈಯಲ್ಲೇ ಇತ್ತು. ಅತ್ತುಕೊಂಡೇ ಇರಿಯುವವರನ್ನು ನಾನು ನೋಡಿದ್ದೇನೆ. ಮೆಲ್ಲಗೆ ಸ್ಪ್ಯಾನರಿನ ಕಡೆ ಕೈ ಚಾಚಿದೆ.

ಮುದುಕರು ಕಬ್ಬಿಣವನ್ನು ಮಡಿಲಿಗೆ ಎಳೆದುಕೊಂಡರು.

“ಹಾಕಿದವನೇ ತೆಗೀಬೇಕು. ಅದೇ ರೂಲು. ದಾರಿ ಬಿಡು.”

ಇಸ್ತ್ರಿ ಎದ್ದು ಚಾಕು ಎತ್ತಿದ. ನಾನು ಸ್ಪ್ಯಾನರ್ ಎತ್ತಿದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಯಾರೋ ಕೆಮ್ಮಿದರು.

ನಾಲ್ಕು ಹಸಿರು ಮುಖಗಳು! ಮುಂದೆ ಮೇಸ್ತ್ರಿಯ ಮಗಳು, ಕೈಯಲ್ಲಿ ಕುದಿಯುವ ಮೇಣದ ಬಟ್ಟಲು. ಹಸಿರು ಮುಖದ ಒಬ್ಬಾಕೆ ಫೋನ್ ಎತ್ತಿ ಹಿಡಿದಿದ್ದಳು. ಆಗಿನಿಂದ ಎಲ್ಲ ರೆಕಾರ್ಡ್ ಆಗುತ್ತಿತ್ತು.

“ನಮ್ಮಪ್ಪನ ಹತ್ರದಿಂದ ಪಕ್ಕಕ್ಕೆ ಸರಿ,” ಮಗಳು ಹೇಳಿದಳು. “ಇದು ಬಿದ್ರೆ ಚರ್ಮ ಸಮೇತ ಬರುತ್ತೆ.”

ಇಸ್ತ್ರಿ ಗೂಳಿಯ ಕಡೆ ನೋಡಿದ. ಗೂಳಿ ನೆಲ ನೋಡುತ್ತಿದ್ದ. ಮುಖ ಎತ್ತಿದಾಗ ಮೂಗಿನ ಹತ್ತಿ ಉದುರಿತು.

“ನಿದ್ದೆ ಮಾಡಿದ್ದ ಅಂತ ಹೇಳಿದ್ರಲ್ಲ ಸಾರ್ ನೀವು,” ಅಂದ. “ದೊಡ್ಡಮ್ಮ ದಿನಾ ನಂಗೂ ಸೇರಿಸಿ ಬುತ್ತಿ ತರ್ತಿದ್ರು.”

ಅಷ್ಟೇ. ಇಸ್ತ್ರಿಯ ಮಣಿಕಟ್ಟು ಹಿಡಿದು ಚಾಕು ಕಿತ್ತುಕೊಂಡ. ಇಸ್ತ್ರಿ ಮಂಚದ ತುದಿಯಲ್ಲಿ ಕುಸಿದು ಕೂತ. ಅವನ ಅಂಗಿಯ ಗೆರೆ ಮುರಿದದ್ದನ್ನು ಅವತ್ತು ನೋಡಿದೆ.

ಗಂಟೆ ಎರಡೂಮುಕ್ಕಾಲು. ಮೂರು ಮಹಡಿ, ಮುದುಕರಿಗೆ ಇಳಿಯಲಾಗದು. ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹಸಿರು ಮುಖದವರು ಒಂದು ಕಡೆ, ಗೂಳಿ ಇನ್ನೊಂದು ಕಡೆ ಹಿಡಿದು ಇಳಿಸಿದರು. ಉಳಿದ ಇಬ್ಬರು ಪೊಲೀಸರು ಬರುವವರೆಗೆ ಇಸ್ತ್ರಿಯನ್ನು ಕಾಯುತ್ತಾ ಕೂತರು. ನಾವು ಬಾಯ್ಲರ್ ಇನ್‌ಸ್ಪೆಕ್ಟರ ಆಫೀಸಿಗೆ ಹೋದದ್ದು ಲಾಂಡ್ರಿಯ ವ್ಯಾನಿನಲ್ಲೇ, ಎರಡೂ ಪಕ್ಕ ನಜ್ಜುಗುಜ್ಜಾದ ಅದೇ ವ್ಯಾನಿನಲ್ಲಿ.

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದಿದ್ದರು. ಮೇಸ್ತ್ರಿ ಕಬ್ಬಿಣವನ್ನು ಅವರ ಮೇಜಿನ ಮೇಲಿಟ್ಟು ಭಾನುವಾರದಿಂದ ಶುರು ಮಾಡಿ ಹೇಳಿದರು. ಎಲ್ಲೂ ತಿಪ್ಪೆ ಸಾರಿಸಲಿಲ್ಲ, ಕಾಲು ನೋವಿನ ನೆಪ ಹೇಳಲಿಲ್ಲ. ಇಪ್ಪತ್ತು ನಿಮಿಷ. ಇನ್‌ಸ್ಪೆಕ್ಟರ್ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು. ಪೊಲೀಸರು ಬಂದರು, ಬೇಡಿ ಹಾಕಲಿಲ್ಲ. ಮಗಳು ಮಾತ್ರೆಗಳ ಡಬ್ಬಿ ಕೊಟ್ಟು, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಪೊಲೀಸಿನವನಿಗೆ ಎರಡೆರಡು ಸಲ ಹೇಳಿದಳು.

ಐದು ಗಂಟೆಗೆ ಬ್ಯಾಗ್ ಫ್ಯಾಕ್ಟರಿಯ ಗೇಟಿನಲ್ಲಿ ನಿಂತಿದ್ದೆ. ಅವಳು ಹೊರಗೆ ಬಂದಳು. ಪಕ್ಕಕ್ಕೆ ಕರೆದು ಅಂಗೈಯ ವಿಷಯದಿಂದ ಶುರು ಮಾಡಿದೆ. ನಿಮ್ಮವರು ನಿದ್ದೆ ಮಾಡಿರಲಿಲ್ಲ. ನಿಲ್ಲಿಸುತ್ತೇನೆ ಎಂದು ಫೋನ್ ಮಾಡಿದ್ದರು. ಬೇಡ ಅಂದರೂ ಬೆಂಕಿ ಎಳೆದರು. ಎಳೆದು ಮುಗಿಯುವ ಮೊದಲೇ ಸಿಡಿಯಿತು.

ಅವಳು ಎಲ್ಲ ಕೇಳಿಸಿಕೊಂಡಳು.

“ಹಾಗಾದ್ರೆ ಅಮ್ಮನ್ನ ಯಾರು...”

ಒಬ್ಬ ಮುದುಕರು, ಮರೆತರು ಅಂದೆ. ಇನ್ನೊಬ್ಬನಿಗೆ ಅವಸರವಿತ್ತು. ಇದಕ್ಕಿಂತ ದೊಡ್ಡ ಕಾರಣ ಇರಬೇಕಿತ್ತು ಎಂ‌ದು ಅವಳಿಗೆ ಅನ್ನಿಸಿರಬೇಕು. ನನಗೂ ಪ್ರತಿ ಸಲ ಹಾಗೇ ಅನ್ನಿಸುತ್ತದೆ. ಇರುವುದಿಲ್ಲ.

ಆರು ದಿನ ಗಂಡನ ಮೇಲೆ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ನನ್ನ ಜೊತೆ ಹೊರಟಳು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದುಕೊಂಡಳು. ಜೊತೆಗೆ ಹತ್ತಿದೆ. ಅವತ್ತಿನ ಲೆಕ್ಕದಲ್ಲಿ ಇನ್ನೂ ಇಪ್ಪತ್ತು ಮೆಟ್ಟಿಲು ಏನು ಮಹಾ!

ವಾರ್ಡಿನಲ್ಲಿ ಆಪರೇಟರ್ ಎಚ್ಚರವಾಗಿದ್ದ. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಹೆಂಡತಿಯನ್ನು ನೋಡಿ ಮೇಲೇಳಲು ಹೋದ, ಆಗಲಿಲ್ಲ. ಅವಳು ಹತ್ತಿರ ಹೋಗಿ ನಿಂತಳು. ಮುಟ್ಟಲು ಜಾಗವಿರಲಿಲ್ಲ. ಕೊನೆಗೆ ಹಣೆಯ ಮೇಲೆ ಕೈಯಿಟ್ಟಳು.

ಅವನ ಮುಖ ಅರಳಿತು.

“ನೀನು ಬರ್ಲಿಲ್ಲ ಅಂತ ನಂಗೇನೂ ಬೇಜಾರಿಲ್ಲ,” ಅಂದ. “ಏಟು ಬಿದ್ದಿರೋ ಅತ್ತೆನ ಒಬ್ರೇ ಬಿಟ್ಟು ಹೇಗೆ ಬರ್ತೀಯ? ಈಗ ಹೇಗಿದ್ದಾರೆ ಅವರು? ಊಟ ಮಾಡ್ತಿದ್ದಾರಾ?”

ಅವನಿಗೆ ಯಾರೂ ಹೇಳಿರಲಿಲ್ಲ.

ಅವಳು ತಿರುಗಿ ನನ್ನನ್ನು ನೋಡಿದಳು. ಬದುಕಿಡೀ ಉತ್ತರ ಹುಡುಕಿ ಕೊಟ್ಟವಳು ನಾನು. ಇದಕ್ಕೆ ಉತ್ತರ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹೇಳಬೇಕಾದವಳು ಅವಳು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಸ್ಟೂಲಿನ ಮೇಲಿದ್ದ ಪೊಲೀಸಿನವನು ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ಸ್ಟೇಷನ್ನಿನಿಂದ ಅವನಿಗೂ ಸುದ್ದಿ ಬಂದಿತ್ತು.

“ಕೇಸ್ ಮುಗೀತಂತೆ ಮೇಡಂ?”

“ನಿಂದು ಮುಗೀತಪ್ಪ, ಮನೆಗೆ ಹೋಗು,” ಅಂದೆ. “ಒಳಗಿನವರದು ಈಗ ಶುರು.”